ಹಾಕಿ ಆಡಿದ ದಿನದ ರಾತ್ರಿ

ಮಗನಿಗೆ ಏಳನೆಯ ವಯಸ್ಸಿನಲ್ಲಿ, ದೇಹದಲ್ಲಿ ಇನ್ಸುಲಿನ್ ತಯಾರಾಗದೆ ಅದನ್ನು ಹೊರಗಿನಿಂದಲೇ ಕೊಡಬೇಕಾಗುವ ಟೈಪ್ 1 ಮಧುಮೇಹವೆಂದು ಗೊತ್ತಾದಂದಿನಿಂದ ನಾನೂ ನನ್ನ ಪತಿಯೂ ಶುಗರ್ ಅಂಕಿಗಳನ್ನು ಒಂದೇ ಪುಸ್ತಕದಲ್ಲಿ ಬರೆಯುತ್ತ ಬಂದೆವಾದರೂ, ಅವನ್ನು ಓದಿಕೊಳ್ಳುತ್ತಿದ್ದ ರೀತಿ ಬೇರೆಯಾಗಿತ್ತು. ಮಲಗುವ ಮುನ್ನ 180 ಇದ್ದರೆ ಮುಂದೆ ಕಣ್ಣು, ಮೂತ್ರಪಿಂಡಗಳ ಗತಿಯೇನೆಂದು ಅವರಿಗೆ ಚಿಂತೆ. 110 ಇದ್ದರೆ ನಡುರಾತ್ರಿ 70ಕ್ಕಿಂತ ಕೆಳಗಿಳಿದೀತೆಂದು ನನಗೆ ನಿದ್ದೆ ಬಾರದು.

ತಿನ್ನುವ ಕಾರ್ಬೋಹೈಡ್ರೇಟಿಗೆ ತಕ್ಕಷ್ಟು ಇನ್ಸುಲಿನ್ ಕೊಡಲು ಹಾಕುವ ಊಟದ ಲೆಕ್ಕದಲ್ಲಿ ಮಾತ್ರ ಜಗಳವಿರಲಿಲ್ಲ. ನಮಗೆ ಕೊಟ್ಟ ಪಟ್ಟಿಯಲ್ಲಿ ಇಡ್ಲಿ, ಚಪಾತಿಗಳಿದ್ದವೇ ಹೊರತು ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವ ನಮ್ಮ ಕಡಂಬುಟ್ಟು ಇರಲಿಲ್ಲವಾದ್ದರಿಂದ ನಾನು ಅಕ್ಕಿ ತರಿಯನ್ನೇ ತೂಗಿದೆ. 100 ಗ್ರಾಂ ತರಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇರುವುದರಿಂದ, 200 ಗ್ರಾಂ ತರಿಯಲ್ಲಿ ಸಮನಾಗಿ ಹತ್ತು ಉಂಡೆ ಕಟ್ಟಿದರೆ ಒಂದಕ್ಕೆ ಹದಿನೈದು, ಹದಿನಾರು ಗ್ರಾಂ ಬೀಳುತ್ತದೆ. ಕೈಯಂದಾಜಿನಲ್ಲೇ ಕಟ್ಟುತ್ತಿದ್ದ ಅತ್ತೆಯವರು ಈಗ ಮೊಮ್ಮಗನ ಉಂಡೆಗಳನ್ನು ತೂಗಿಯೇ ಹಬೆಗಿಡುತ್ತಾರೆ. ಹಂದಿಮಾಂಸದ ಪಂದಿಕರಿಯಲ್ಲಿ ಕಾರ್ಬೋಹೈಡ್ರೇಟ್ ಹೆಚ್ಚಿಲ್ಲದಿದ್ದರೂ ಅದರ ಕೊಬ್ಬಿನಿಂದ ಶುಗರ್ ತಡವಾಗಿ ಏರುತ್ತದೆಂಬುದನ್ನು ಪುಸ್ತಕವೇ ಕಲಿಸಿತು.

ನಾವು ನಿಜವಾಗಿ ಮಾತು ಬಿಟ್ಟದ್ದು ಹಾಕಿಗಾಗಿ. ಮಳೆಗಾಲದ ಒಂದು ರಾತ್ರಿ ಎರಡೂವರೆಗೆ ಅವನ ದಿಂಬು ಬೆವರಿನಿಂದ ಒದ್ದೆಯಾಗಿತ್ತು. ಕರೆಂಟ್ ಇರಲಿಲ್ಲ. ಪತಿ ಟಾರ್ಚ್ ಹಿಡಿದರು, ನಾನು ಬೆರಳು ಚುಚ್ಚಿದೆ: 52. ಎಚ್ಚರವಿದ್ದು ನುಂಗುವ ಸ್ಥಿತಿಯಲ್ಲಿದ್ದುದರಿಂದ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 84 ಬಂತು. ಬೆಳಗಾದೊಡನೆ ಇನ್ನು ಆಟ ಬೇಡವೆಂದೆ. ಕೊಡಗಿನಲ್ಲಿ ಹುಡುಗನ ಕೈಯಿಂದ ಹಾಕಿ ಸ್ಟಿಕ್ ಕಸಿದುಕೊಳ್ಳಲು ಅವರಿಂದಾಗದು, ನಿಜ ಹೇಳಬೇಕೆಂದರೆ ನನ್ನಿಂದಲೂ ಆಗುತ್ತಿರಲಿಲ್ಲ.

ಆ ವಾರ ಪುಸ್ತಕದಲ್ಲಿ ಆಟವಿದ್ದ ದಿನಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಹಾಕಿದೆ. ಮೂರು ತಿಂಗಳಲ್ಲಿ ರಾತ್ರಿ ಶುಗರ್ 70ಕ್ಕಿಂತ ಕೆಳಗಿಳಿದದ್ದು ಆರು ಸಲ, ಅದರಲ್ಲಿ ಐದು ಕೆಂಪು ಗೆರೆಯ ದಿನಗಳೇ. ಆಟ ಮುಗಿದ ಎಷ್ಟೋ ಗಂಟೆಗಳ ನಂತರವೂ ಸ್ನಾಯುಗಳು ಬರಿದಾದ ಗ್ಲೈಕೋಜನ್ (ಕೂಡಿಟ್ಟ ಗ್ಲೂಕೋಸ್) ದಾಸ್ತಾನನ್ನು ತುಂಬಿಕೊಳ್ಳಲು ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ, ಇನ್ಸುಲಿನ್ ಪರಿಣಾಮವೂ ಹೆಚ್ಚಾಗಿರುತ್ತದೆ ಎಂದು ವೈದ್ಯರು ವಿವರಿಸಿ, ಆ ದಿನಗಳಿಗಷ್ಟೇ ರಾತ್ರಿಯ ದೀರ್ಘಾವಧಿ ಇನ್ಸುಲಿನ್ ಪ್ರಮಾಣವನ್ನು ತಗ್ಗಿಸಿ, ಮಲಗುವ ಮುನ್ನ ಏನಾದರೂ ತಿನಿಸಲು ಹೇಳಿದರು.

ಕೆಂಪು ಗೆರೆಯ ದಿನಗಳಲ್ಲಿ 160 ಇದ್ದರೂ ಪತಿ ಈಗ ಸುಮ್ಮನಿರುತ್ತಾರೆ, ಎರಡೂವರೆಯ ಅಲಾರಮ್ಮಿಗೆ ಏಳುವುದೂ ಅವರೇ. ಉಳಿದ ದಿನಗಳಲ್ಲಿ 180 ಕಂಡರೆ ಗೊಣಗುವುದನ್ನು ಇನ್ನೂ ಬಿಟ್ಟಿಲ್ಲ.