ಎರಡನೆಯ ಶನಿವಾರದ ಕಾಸ್ಟ್ ಶೀಟ್

ಮಳೆ ಕೈಕೊಟ್ಟ ಒಂದು ವರ್ಷ, ಹುಬ್ಬಳ್ಳಿಯ ಸುತ್ತಿನ ಒಂದು ಜಿನ್ನಿಂಗ್ ಕಾರ್ಖಾನೆಗೆ, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆಗೆ, ನಾನು ಮಾಡಿಕೊಟ್ಟ ಕಾಸ್ಟ್ ಶೀಟ್, ಎಂದರೆ ಉತ್ಪನ್ನಕ್ಕೆ ತಗಲುವ ವೆಚ್ಚದ ಲೆಕ್ಕದ ಹಾಳೆ, ತಪ್ಪಾಗಿತ್ತು. ವೋಚರುಗಳೆಲ್ಲ ತಾಳೆಯಾಗಿದ್ದವು, ಕೂಡಿಕೆಯಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಇರಲಿಲ್ಲ, ಎಡವಿದ್ದು ಭಾಗಾಕಾರದಲ್ಲಿ. ಆ ತಪ್ಪು ನನಗೆ ತಿಳಿದದ್ದು ಹದಿನಾಲ್ಕು ತಿಂಗಳ ನಂತರ, ಅದೂ ಯಾವ ಆಡಿಟ್‌ನಿಂದಲೂ ಅಲ್ಲ, ವಿದ್ಯಾನಗರದ ಒಂದು ಮನೆಯ ಪಡಸಾಲೆಯಲ್ಲಿ ನಿವೃತ್ತ ಹಿರಿಯರೊಬ್ಬರು ಕೇಳಿದ ಒಂದೇ ಪ್ರಶ್ನೆಯಿಂದ. ಕಾಸ್ಟ್ ಅಕೌಂಟೆಂಟ್ ಆದವನು ಪರೀಕ್ಷೆ ಪಾಸಾದ ಮೇಲೆ ಹೇಗೆ ಓದಬೇಕು, ಯಾರ ಜೊತೆ ಓದಬೇಕು ಎಂಬುದರ ಬಗ್ಗೆ ನನಗೆ ಇಂದು ಏನಾದರೂ ಗೊತ್ತಿದ್ದರೆ ಅದು ಆ ಪಡಸಾಲೆಯಲ್ಲಿ ಕಲಿತದ್ದು.

ಲೆಕ್ಕವನ್ನೇ ಮೊದಲು ಮುಂದಿಡುತ್ತೇನೆ. ಮೂಲ ಅಂಕಿಗಳನ್ನು ಬದಲಿಸಿದ್ದೇನೆ, ಪ್ರಮಾಣ ಮಾತ್ರ ಹಾಗೆಯೇ ಇದೆ. ಕಾರ್ಖಾನೆಯ ವಾರ್ಷಿಕ ಸ್ಥಿರ ವೆಚ್ಚ, ಅಂದರೆ ಕಟ್ಟಡ ಮತ್ತು ಯಂತ್ರಗಳ ಸವಕಳಿ, ಕಾಯಂ ನೌಕರರ ಸಂಬಳ, ವಿಮೆ, ವಿದ್ಯುತ್ತಿನ ಡಿಮ್ಯಾಂಡ್ ಶುಲ್ಕ ಎಲ್ಲ ಸೇರಿ 48 ಲಕ್ಷ ರೂಪಾಯಿ. ಮಾಮೂಲಿ ಹಂಗಾಮಿನಲ್ಲಿ ಅಲ್ಲಿ ಅರಳೆಯ 170 ಕೆಜಿಯ 8,000 ಬೇಲ್‌ಗಳನ್ನು, ಅಂದರೆ ಗಂಟುಗಳನ್ನು, ಒತ್ತುತ್ತಿದ್ದರು. ಆ ವರ್ಷ ಹತ್ತಿ ಬರಲೇ ಇಲ್ಲ, ಒತ್ತಿದ್ದು 3,200 ಬೇಲ್ ಮಾತ್ರ. ನಾನು 48 ಲಕ್ಷವನ್ನು 3,200ರಿಂದ ಭಾಗಿಸಿ, ಬೇಲ್‌ಗೆ 1,500 ರೂಪಾಯಿ ಸ್ಥಿರ ವೆಚ್ಚ ಎಂದು ಬರೆದೆ. ಅದಕ್ಕೆ ಕೂಲಿ, ವಿದ್ಯುತ್ತು, ಬೇಲ್ ಕಟ್ಟುವ ಪಟ್ಟಿ, ಬಟ್ಟೆಗಳ ಚರ ವೆಚ್ಚ 500 ರೂಪಾಯಿ ಸೇರಿಸಿ, ಒಟ್ಟು 2,000 ಎಂದು ಷರಾ ಹಾಕಿ ಕೊಟ್ಟೆ. ಅದೇ ಹೊತ್ತಿಗೆ ರಾಯಚೂರು ಕಡೆಯಿಂದ ಹತ್ತಿ ತರುತ್ತಿದ್ದ ವ್ಯಾಪಾರಿಯೊಬ್ಬರು ಬೇಲ್‌ಗೆ 1,400 ರೂಪಾಯಿಯಂತೆ 1,000 ಬೇಲ್ ಕೂಲಿ ಜಿನ್ನಿಂಗ್ ಮಾಡಿಕೊಡುತ್ತೀರಾ ಎಂದು ಮಾಲೀಕರನ್ನು ಕೇಳಿದ್ದರು. ಮಾಲೀಕರು ನನ್ನ ಶೀಟ್ ನೋಡಿ, ಬೇಲ್‌ಗೆ 600 ರೂಪಾಯಿ ಕೈಯಿಂದ ಹೋಗುತ್ತದೆ ಎಂದುಕೊಂಡು ಬೇಡವೆಂದರು. ಯಂತ್ರಗಳು ಖಾಲಿ ನಿಂತಿದ್ದವು. ಆ ಕೆಲಸಕ್ಕೆ ಹೊಸದಾಗಿ ತಗಲುತ್ತಿದ್ದದ್ದು 500 ರೂಪಾಯಿ ಮಾತ್ರ; ಉಳಿದ 900 ರೂಪಾಯಿ ಸ್ಥಿರ ವೆಚ್ಚದ ಹೊರೆಯನ್ನು ಇಳಿಸುತ್ತಿತ್ತು. ಹೀಗೆ ಒಂಬತ್ತು ಲಕ್ಷ ರೂಪಾಯಿ ನನ್ನ ಒಂದು ಭಾಗಾಕಾರದಿಂದ ಕೈತಪ್ಪಿತು.

ನನ್ನನ್ನು ಇಂದಿಗೂ ಕಾಡುವ ಸಂಗತಿಯೆಂದರೆ, ಅದೇ ವರ್ಷ ನಾನು ಕಾಸ್ಟ್ ಅಕೌಂಟಿಂಗ್ ಮಾನದಂಡಗಳ ಮೇಲೆ ಒಂದು ಪೂರ್ಣ ದಿನದ ಕಾರ್ಯಾಗಾರದಲ್ಲಿ ಕುಳಿತು, ಸಿಪಿಇ, ಅಂದರೆ ಮುಂದುವರಿದ ವೃತ್ತಿ ಶಿಕ್ಷಣದ ಗಂಟೆಗಳ ಪ್ರಮಾಣಪತ್ರವನ್ನೂ ಪಡೆದಿದ್ದೆ. ಸಾಮರ್ಥ್ಯ ನಿರ್ಧಾರಕ್ಕೆ ಸಂಬಂಧಿಸಿದ ಸಿಎಎಸ್-2, ಉತ್ಪಾದನಾ ಓವರ್‌ಹೆಡ್‌ಗೆ, ಅಂದರೆ ಯಾವುದೇ ಒಂದು ವಸ್ತುವಿಗೆ ನೇರವಾಗಿ ಅಂಟದ ವೆಚ್ಚಕ್ಕೆ, ಸಂಬಂಧಿಸಿದ ಸಿಎಎಸ್-3 ಎರಡನ್ನೂ ಅಲ್ಲಿ ಹೇಳಿದ್ದರು. ಹಲವು ಅವಧಿಗಳ ಅಥವಾ ಹಂಗಾಮುಗಳ ಸರಾಸರಿಯಲ್ಲಿ, ಸಹಜ ಸ್ಥಿತಿಯಲ್ಲಿ ಸಾಧ್ಯವಾಗುವ ಉತ್ಪಾದನೆಯೇ ಸಾಮಾನ್ಯ ಸಾಮರ್ಥ್ಯ. ಸ್ಥಿರ ಓವರ್‌ಹೆಡ್ಡನ್ನು ಆ ಸಾಮರ್ಥ್ಯ ಅಥವಾ ನಿಜವಾದ ಬಳಕೆ, ಯಾವುದು ಹೆಚ್ಚೋ ಅದರ ಮೇಲೆ ಹಂಚಬೇಕು ಎಂದು ನಾನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿನಿಂದ ಮರಳುವಾಗ ಆ ನೋಟ್‌ಬುಕ್ ಚೀಲದಲ್ಲಿಯೇ ಇತ್ತು. ಮಾನದಂಡವನ್ನು ತಿಳಿದಿದ್ದ ನನಗೆ, ನನ್ನ ಮೇಜಿನ ಮೇಲಿದ್ದ ಹತ್ತಿಯ ಲೆಕ್ಕವೇ ಆ ಮಾನದಂಡದ ವಿಷಯ ಎಂಬುದು ಹೊಳೆಯಲಿಲ್ಲ. ಉಪನ್ಯಾಸ ಕೊಟ್ಟವರಲ್ಲಿ ದೋಷವಿರಲಿಲ್ಲ. ನನ್ನ ಶೀಟನ್ನು ಅವರು ನೋಡಿರಲಿಲ್ಲ, ಯಾರೂ ನೋಡಿರಲಿಲ್ಲ.

ಚಾರ್ಟರ್ಡ್ ಅಕೌಂಟೆಂಟರಿಗೆ ನಮ್ಮ ಊರುಗಳಲ್ಲಿ ಇರುವಷ್ಟು ಒಡನಾಟ ನಮಗಿಲ್ಲ. ನಾವು ಕೆಲವೇ ಜನ, ಅದರಲ್ಲಿಯೂ ಹೆಚ್ಚಿನವರು ಒಂದೊಂದು ಕಾರ್ಖಾನೆಯಲ್ಲಿ ಒಬ್ಬೊಬ್ಬರೇ. ಕಾಸ್ಟ್ ಅಕೌಂಟೆಂಟರಾದ ನಮ್ಮೆಲ್ಲರ ಸಂಸ್ಥೆ 1944ರಲ್ಲಿ ಕಂಪನಿಯಾಗಿ ಹುಟ್ಟಿ, 1959ರ ಕಾಯ್ದೆಯಿಂದ ಶಾಸನಬದ್ಧವಾದದ್ದು. 2012ರಲ್ಲಿ ಅದರ ಹೆಸರು ಬದಲಾಗಿ ನಾವು ಸಿಎಂಎ (ಕಾಸ್ಟ್ ಅಂಡ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್) ಎಂದು ಬರೆದುಕೊಳ್ಳತೊಡಗಿದರೂ, ದುರ್ಗದಬೈಲಿನ ವ್ಯಾಪಾರಿಗಳು ಇಂದಿಗೂ ‘ನೀವು ಐಸಿಡಬ್ಲ್ಯೂಎ ಅಲ್ಲವೇ’ ಎಂದು ಹಳೆಯ ಹೆಸರಿನಿಂದಲೇ ಕೇಳುತ್ತಾರೆ. ಸಂಸ್ಥೆಯ ದಕ್ಷಿಣದ ಪ್ರಾದೇಶಿಕ ಮಂಡಳಿ ಇರುವುದು ಚೆನ್ನೈನಲ್ಲಿ. ಮಾಸಿಕ ಪತ್ರಿಕೆ ತಪ್ಪದೆ ಬರುತ್ತಿತ್ತು, ನಾನು ತಪ್ಪದೆ ಓದುತ್ತಿದ್ದೆ. ಆದರೆ ಓದಿದ್ದನ್ನು ಯಾರ ಎದುರು ಆಡಿ ನೋಡುವುದು ಎಂಬುದಕ್ಕೆ ಉತ್ತರವಿರಲಿಲ್ಲ.

ಗೋಕುಲ ರಸ್ತೆಯ ವಾಲ್ವ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯರು, ತಾರಿಹಾಳದ ಇನ್ನೊಬ್ಬರು, ನಾನು ಮತ್ತು ಆ ನಿವೃತ್ತ ಹಿರಿಯರು ಸೇರಿ ನಾಲ್ವರು ಮೊದಲ ಸಲ ಕುಳಿತದ್ದು ಒಂದು ಎರಡನೆಯ ಶನಿವಾರ. ಅಂದು ಬ್ಯಾಂಕುಗಳಿಗೆ ರಜೆ, ಹಾಗಾಗಿ ಕಕ್ಷಿದಾರರ ಫೋನೂ ಕಡಿಮೆ. ಆ ಒಂದೇ ಕಾರಣಕ್ಕೆ ಆರಿಸಿದ ದಿನ ಇಂದಿಗೂ ಹಾಗೆಯೇ ಉಳಿದಿದೆ. ಮೊದಲ ಮೂರು ತಿಂಗಳು ನಾವು ಮಾಡಿದ್ದು ಸಣ್ಣ ಪ್ರಮಾಣದ ಉಪನ್ಯಾಸವನ್ನೇ. ಒಬ್ಬರು ಕಾಸ್ಟ್ ರೆಕಾರ್ಡ್ ಮತ್ತು ಆಡಿಟ್ ಕುರಿತ ಕಂಪನಿ ಕಾಯ್ದೆ 2013ರ 148ನೆಯ ಕಲಮನ್ನು ಓದಿದರು, ಒಬ್ಬರು 2014ರ ಕಾಸ್ಟ್ ರೆಕಾರ್ಡ್ ನಿಯಮಗಳನ್ನು, ಅದರ 35 ಕೋಟಿ ವಹಿವಾಟಿನ ಮಿತಿಯನ್ನು ವಿವರಿಸಿದರು. ಚಹಾ, ಗಿರ್ಮಿಟ್ ಮುಗಿಸಿ ಮನೆಗೆ ಹೋದೆವು. ನಾಲ್ಕನೆಯ ತಿಂಗಳು ಹಿರಿಯರು, ‘ಇದನ್ನೆಲ್ಲ ನಾನು ಮನೆಯಲ್ಲಿಯೇ ಓದಬಲ್ಲೆ, ಮುಂದಿನ ಸಲ ಒಬ್ಬರು ತಾವು ಮಾಡಿದ ಶೀಟ್ ತರಬೇಕು’ ಎಂದರು.

ಅಲ್ಲಿ ಒಂದು ಗಂಭೀರವಾದ ತೊಡಕು ಎದುರಾಯಿತು. ವೃತ್ತಿಯಲ್ಲಿ ತಿಳಿದ ಮಾಹಿತಿಯನ್ನು ಕಕ್ಷಿದಾರರ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದು 1959ರ ಕಾಯ್ದೆಯ ಎರಡನೆಯ ಅನುಸೂಚಿಯ ಪ್ರಕಾರ ದುರ್ನಡತೆ. ಕಾಯ್ದೆ ಇಲ್ಲದಿದ್ದರೂ ಅದು ನಂಬಿಕೆಯ ಪ್ರಶ್ನೆ. ಹುಬ್ಬಳ್ಳಿಯಂಥ ಊರಿನಲ್ಲಿ ಹೆಸರು ತೆಗೆದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ, ವಿದ್ಯುತ್ ಬಿಲ್ಲಿನ ಮೊತ್ತ ಹೇಳಿದರೆ ಕಾರ್ಖಾನೆ ಯಾವುದೆಂದು ಅರ್ಧ ಜನರಿಗೆ ತಿಳಿಯುತ್ತದೆ. ಒಂದು ಸಂಜೆ ಪೂರ್ತಿ ಚರ್ಚಿಸಿ ನಾವು ಒಂದು ಕ್ರಮಕ್ಕೆ ಬಂದೆವು. ಮೊದಲು ಮಾಲೀಕರ ಲಿಖಿತ ಒಪ್ಪಿಗೆ ಪಡೆಯಬೇಕು. ಆಮೇಲೆ ಶೀಟ್ ತರುವವರು ತಮಗೊಬ್ಬರಿಗೇ ಗೊತ್ತಿರುವ ಒಂದು ಸಂಖ್ಯೆಯಿಂದ ರೂಪಾಯಿಯ ಅಂಕಿಗಳನ್ನೆಲ್ಲ ಗುಣಿಸಬೇಕು, ಪರಿಮಾಣದ ಅಂಕಿಗಳನ್ನು ಬೇರೊಂದು ಸಂಖ್ಯೆಯಿಂದ. ಆಗ ಮೊತ್ತಗಳು ಮರೆಯಾಗುತ್ತವೆ, ಆದರೆ ಸ್ಥಿರ ವೆಚ್ಚಕ್ಕೂ ಚರ ವೆಚ್ಚಕ್ಕೂ ಇರುವ ಸಂಬಂಧ, ಈ ವರ್ಷಕ್ಕೂ ಹೋದ ವರ್ಷಕ್ಕೂ ಇರುವ ಸಂಬಂಧ ಕೆಡುವುದಿಲ್ಲ. ಹಾಳೆಗಳನ್ನು ಅಲ್ಲಿಯೇ ಮರಳಿಸಬೇಕು, ಫೋನಿನಲ್ಲಿ ಚಿತ್ರ ತೆಗೆಯಬಾರದು. ಒಂದೇ ಬಗೆಯ ಉದ್ಯಮದಲ್ಲಿ ಪೈಪೋಟಿಯಲ್ಲಿರುವ ಇಬ್ಬರ ಶೀಟುಗಳು ಬಂದರೆ, ಒಬ್ಬರು ಆ ದಿನ ಹೊರಗುಳಿಯಬೇಕು. ಒಪ್ಪಿಗೆ ಕೊಡದ ಮಾಲೀಕರೇ ಹೆಚ್ಚು. ಕೊಟ್ಟವರಲ್ಲಿ ಜಿನ್ನಿಂಗ್ ಕಾರ್ಖಾನೆಯವರೂ ಒಬ್ಬರು.

ನನ್ನ ಸರದಿ ಬಂದಾಗ ನಾನು ಆ ಮಳೆಯಿಲ್ಲದ ವರ್ಷದ ಶೀಟನ್ನೇ ಒಯ್ದೆ, ಏಕೆಂದರೆ ಅದು ಅಚ್ಚುಕಟ್ಟಾಗಿತ್ತು. ಹಿರಿಯರು ಕನ್ನಡಕ ಏರಿಸಿ ಹಾಳೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಪೆನ್ಸಿಲಿನಿಂದ ಬೇಲ್ ಸಂಖ್ಯೆಯ ಸುತ್ತ ಒಂದು ವೃತ್ತ ಎಳೆದರು. ‘ಈ ಕಾರ್ಖಾನೆ ಮಾಮೂಲಿ ವರ್ಷದಲ್ಲಿ ಎಷ್ಟು ಬೇಲ್ ಒತ್ತುತ್ತದೆ?’ ನಾನು ಹೇಳಿದೆ. ಅವರು ಏನೂ ಮಾತನಾಡದೆ ಹಾಳೆಯ ಅಂಚಿನಲ್ಲಿ 48 ಲಕ್ಷವನ್ನು 8,000ದಿಂದ ಭಾಗಿಸಿ 600 ಎಂದು ಬರೆದರು. ಅದರ ಕೆಳಗೆ 3,200 ಗುಣಿಸು 600, 19.2 ಲಕ್ಷ, ಉಳಿದ 28.8 ಲಕ್ಷ. ‘ಇದು ಬೇಲ್‌ನ ವೆಚ್ಚವಲ್ಲ, ಖಾಲಿ ನಿಂತ ಯಂತ್ರದ ವೆಚ್ಚ. ಇದನ್ನು ಬೇಲ್ ಮೇಲೆ ಹೊರಿಸಿದರೆ ಮಾಲೀಕರು ಬಂದ ಕೆಲಸವನ್ನೂ ಬಿಟ್ಟುಕೊಡುತ್ತಾರೆ’ ಎಂದರು. ಅವರು ಬಿಟ್ಟುಕೊಟ್ಟಿದ್ದಾರೆ ಎಂದು ನಾನು ಹೇಳಬೇಕಾಯಿತು. ಪಡಸಾಲೆಯಲ್ಲಿ ಯಾರೂ ನಗಲಿಲ್ಲ, ಯಾರೂ ಸಮಾಧಾನವನ್ನೂ ಹೇಳಲಿಲ್ಲ. ವಾಲ್ವ್ ಕಾರ್ಖಾನೆಯ ಗೆಳೆಯರು ಸುಮ್ಮನೆ ತಮ್ಮ ಚೀಲದಿಂದ ತಮ್ಮ ಶೀಟ್ ತೆಗೆದು, ಅದರ ಭಾಜಕ ಯಾವುದೆಂದು ನೋಡತೊಡಗಿದರು.

ಸೋಮವಾರ ಬೆಳಿಗ್ಗೆ ನಾನು ಮಾಲೀಕರ ಬಳಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತುಸು ಹೊತ್ತು ಮೌನವಾಗಿದ್ದು, ‘ಹಾಗಾದರೆ ಇನ್ನು ಮುಂದೆ ಎರಡು ಕಾಲಮ್ ಮಾಡಿಕೊಡಿ’ ಎಂದರು. ಒಂದರಲ್ಲಿ ಬೇಲ್‌ನ ವೆಚ್ಚ, ಇನ್ನೊಂದರಲ್ಲಿ ಯಂತ್ರ ಖಾಲಿ ನಿಂತದ್ದರ ವೆಚ್ಚ. ಇಂದು ನಾನು ಮಾಡುವ ಪ್ರತಿಯೊಂದು ಶೀಟಿನಲ್ಲಿಯೂ ಆ ಎರಡು ಕಾಲಮ್‌ಗಳಿವೆ, ಆ ಗೆರೆಯನ್ನು ಎಳೆಸಿದವರು ಆ ಮಾಲೀಕರು.

ಅದೇ ಹತ್ತಿಯ ಮೇಲೆ ಇನ್ನೊಂದು ಶನಿವಾರ ನಡೆದ ವಾದವನ್ನು ಹೇಳದಿರಲಾರೆ, ಏಕೆಂದರೆ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಜಂಟಿ ವೆಚ್ಚದ ವಿಷಯ, ಅಂದರೆ ಒಂದೇ ಕಚ್ಚಾ ವಸ್ತುವಿನಿಂದ ಬರುವ ಎರಡು ಉತ್ಪನ್ನಗಳಿಗೆ ವೆಚ್ಚ ಹಂಚುವ ವಿಷಯ, ಅಂದು ಎರಡೂವರೆ ಗಂಟೆ ಹಿಡಿಯಿತು. ನೂರು ಕೆಜಿ ಹತ್ತಿಯಿಂದ ಸುಮಾರು 34 ಕೆಜಿ ಅರಳೆ, 64 ಕೆಜಿ ಹತ್ತಿಕಾಳು, ಉಳಿದದ್ದು ಕಸ ಎಂದಿಟ್ಟುಕೊಳ್ಳೋಣ. ಕ್ವಿಂಟಲ್ ಹತ್ತಿಗೆ 7,000 ರೂಪಾಯಿ, ಅರಳೆ ಕೆಜಿಗೆ 160, ಕಾಳು ಕೆಜಿಗೆ 32 ಎಂದು ಹಿಡಿದೆವು. ತೂಕದ ಮೇಲೆ ಹಂಚಿದರೆ ಒಂದು ಕೆಜಿ ಕಾಳಿನ ವೆಚ್ಚ 71 ರೂಪಾಯಿಗೆ ಏರುತ್ತದೆ, ಅದು ಮಾರುವುದು 32ಕ್ಕೆ. ಲೆಕ್ಕ ನೋಡಿದವರು ಕಾಳನ್ನು ಎಸೆಯುವುದೇ ಲೇಸು ಎನ್ನಬೇಕು. ಮಾರಾಟ ಮೌಲ್ಯದ ಮೇಲೆ ಹಂಚಿದರೆ ಕಾಳಿಗೆ 30ರ ಹತ್ತಿರ, ಅರಳೆಗೆ 150ರ ಹತ್ತಿರ ಬರುತ್ತದೆ. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಆದರೆ ಕಾಳಿನ ಧಾರಣೆ ವಾರವಾರಕ್ಕೂ ಏರಿಳಿಯುವಾಗ ಯಾವ ದಿನದ ಬೆಲೆ ಹಿಡಿಯಬೇಕು, ದಾಸ್ತಾನಿನಲ್ಲಿರುವ ಕಾಳಿಗೆ ಯಾವುದು ಎಂಬಲ್ಲಿ ವಾದ ನಿಂತಿತು. ಆಗ ಸಿಎಂಎ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಓದುತ್ತಿದ್ದ ಹಾವೇರಿಯ ಹುಡುಗಿಯೊಬ್ಬಳು ಅಮರಗೋಳದ ಎಪಿಎಂಸಿಯ ಧಾರಣೆಯನ್ನು ತಿಂಗಳ ಸರಾಸರಿಯಾಗಿ ಹಿಡಿದು ಪ್ರತಿ ತಿಂಗಳೂ ಬೇರೆ ಬೇರೆ ಹಂಚಿಕೆ ಮಾಡಬಹುದಲ್ಲ ಎಂದಳು. ಅದನ್ನೇ ಅಳವಡಿಸಿಕೊಂಡೆವು. ವಿದ್ಯಾರ್ಥಿಗಳನ್ನು ಕರೆಯುವುದು ಬೇಡ ಎಂದು ಮೊದಲು ವಾದಿಸಿದವನು ನಾನೇ. ಆ ಸಂಜೆಯ ನಂತರ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕೂಟದಿಂದ ನನಗಾದ ದೊಡ್ಡ ಲಾಭ ಭಾಷೆಯದು. ಇಂಗ್ಲಿಷಿನಲ್ಲಿ ಕಲಿತ ವಿದ್ಯೆಯನ್ನು ನಾವು ಇಂಗ್ಲಿಷಿನಲ್ಲಿಯೇ ಮುಗಿಸಿಬಿಡುತ್ತೇವೆ, ಆದರೆ ಶೀಟಿಗೆ ಬೇಕಾದ ಅಂಕಿಗಳು ಬರುವುದು ತೂಕದ ಕಟ್ಟೆಯಲ್ಲಿ ನಿಂತವರಿಂದ, ಅಂಗಡಿಯ ದಿವಾನಜಿಯಿಂದ, ಲೇತ್ ಮೇಲೆ ಕೆಲಸ ಮಾಡುವ ಆಪರೇಟರಿನಿಂದ. ವಾಲ್ವ್ ಕಾರ್ಖಾನೆಯಲ್ಲಿ ಒಂದು ಸಿಎನ್‌ಸಿ ಯಂತ್ರದ ಸೆಟ್ಟಿಂಗಿಗೆ 90 ನಿಮಿಷ ಬೇಕಾಗುತ್ತದೆ. 200 ನಗಗಳ ಆರ್ಡರಾದರೆ ಒಂದು ನಗಕ್ಕೆ ಅರ್ಧ ನಿಮಿಷಕ್ಕೂ ಕಡಿಮೆ, 12 ನಗಗಳದಾದರೆ ಏಳೂವರೆ ನಿಮಿಷ. ಗೆಳೆಯರು ಇದನ್ನು ಚಟುವಟಿಕೆ ಆಧಾರಿತ ವೆಚ್ಚ ಪದ್ಧತಿ ಎಂದು ವಿವರಿಸಿದಾಗ ಆಪರೇಟರುಗಳು ಮುಖ ನೋಡಿದರಂತೆ. ಸಂತೆಗೆ ಟೆಂಪೊ ಕಟ್ಟಿಕೊಂಡು ಹೋಗಿ ಒಂದೇ ಚೀಲ ಇಳಿಸಿದರೆ ಆ ಚೀಲದ ಬಾಡಿಗೆ ಎಷ್ಟಾದೀತು ಎಂದು ಕೇಳಿದ ಮೇಲೆ, ಸೆಟ್ಟಿಂಗಿನ ವೇಳೆಯನ್ನು ಅವರೇ ಹಲಗೆಯ ಮೇಲೆ ಬರೆಯತೊಡಗಿದರು. ಅಂದಿನಿಂದ ನಮ್ಮಲ್ಲಿ ಒಂದು ನಿಯಮವಿದೆ: ಶೀಟ್ ತಂದವರು ಮೊದಲ ಹತ್ತು ನಿಮಿಷ ಅದನ್ನು ಕಾರ್ಖಾನೆಯ ಕೆಲಸಗಾರರಿಗೆ ಹೇಳುವಂತೆ ಕನ್ನಡದಲ್ಲಿ ಹೇಳಬೇಕು. ಹೇಳಲಾಗದಿದ್ದರೆ, ಸಾಮಾನ್ಯವಾಗಿ ತಪ್ಪಿರುವುದು ಅಲ್ಲಿಯೇ.

ಗದಗಿನ ಸದಸ್ಯರು ಸಹಕಾರ ಸಂಘವೊಂದರ ಲೆಕ್ಕ ತಂದ ತಿಂಗಳು ನಾವೆಲ್ಲ ಕಣಗಿನಹಾಳಕ್ಕೂ ಹೋಗಿ ಬಂದೆವು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ ಊರು ಅದು. ಒಂದು ಹಳ್ಳಿಯ ರೈತರು ಅಷ್ಟು ಹಿಂದೆ ಹಣವನ್ನೇ ಒಟ್ಟಿಗೆ ಇಟ್ಟರೆಂದರೆ, ನಾವು ತಿಳಿವಳಿಕೆಯನ್ನು ಒಟ್ಟಿಗೆ ಇಡುವುದು ದೊಡ್ಡ ಮಾತೇನಲ್ಲ ಎಂದು ಅಂದು ನನಗೆ ಅನ್ನಿಸಿತು.

2020ರ ಲಾಕ್‌ಡೌನ್‌ನಲ್ಲಿ ಕೂಟ ನಿಂತಿತು. ಆಗ ವೆಬಿನಾರುಗಳು ಹೆಚ್ಚಿದವು. ಬೆಂಗಳೂರಿನ ರೈಲು ಹತ್ತದೆಯೇ ಸಿಪಿಇ ಗಂಟೆಗಳು ಸಿಗುವಂತಾದದ್ದು ನಮ್ಮಂಥ ಊರಿನವರಿಗೆ ನಿಜವಾದ ಉಪಕಾರ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಒಂದು ಕಿಟಕಿಯಲ್ಲಿ ಉಪನ್ಯಾಸ, ಇನ್ನೊಂದರಲ್ಲಿ ಜಿಎಸ್‌ಟಿ ರಿಟರ್ನ್ ಎಂಬ ಅಭ್ಯಾಸಕ್ಕೆ ನಾನೂ ಬಿದ್ದೆ. ಈಗ ವೆಬಿನಾರ್ ಆರಿಸುವ ಮೊದಲು, ಈ ವಿಷಯಕ್ಕೆ ಸಂಬಂಧಿಸಿದ ಯಾವ ಶೀಟ್ ಈಗ ನನ್ನ ಮೇಜಿನ ಮೇಲಿದೆ ಎಂದು ಕೇಳಿಕೊಳ್ಳುತ್ತೇನೆ. ಇಲ್ಲವಾದರೆ ಮುಂದೂಡುತ್ತೇನೆ. ಇದ್ದರೆ ಆ ಶೀಟನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಕೇಳಿ, ಅದರಲ್ಲಿ ಬದಲಿಸಿದ ಸಾಲನ್ನು ಮುಂದಿನ ಶನಿವಾರ ಒಯ್ಯುತ್ತೇನೆ.

ಈಗ ನಾವು ಒಂಬತ್ತು ಜನ ಇದ್ದೇವೆ. ಒಂದು ತಿಂಗಳು ಹುಬ್ಬಳ್ಳಿ, ಮರುತಿಂಗಳು ಧಾರವಾಡ. ಹಿರಿಯರಿಗೆ ಮೆಟ್ಟಿಲು ಹತ್ತಲಾಗದ ಕಾರಣ ಎಲ್ಲಿದ್ದರೂ ಕೆಳಮಹಡಿಯ ಕೋಣೆಯೇ ಆಗಬೇಕು. ಮುಂದಿನ ಸಭೆಗೆ ಬ್ಯಾಡಗಿಯ ಸದಸ್ಯರು ಒಂದು ಕೋಲ್ಡ್ ಸ್ಟೋರೇಜಿನ ಲೆಕ್ಕ ತರಲಿದ್ದಾರೆ. ಸುಗ್ಗಿಯಲ್ಲಿ ಮೆಣಸಿನಕಾಯಿ ಚೀಲಗಳಿಂದ ತುಂಬಿದ ಕೋಣೆ ಮಳೆಗಾಲದ ಕೊನೆಗೆ ಅರ್ಧ ಖಾಲಿಯಾಗಿರುತ್ತದೆ, ಆದರೂ ತಂಪು ಪೂರ್ತಿ ಕೋಣೆಗೆ ಬೇಕು. ಆ ಖರ್ಚನ್ನು ಕೊನೆಯವರೆಗೆ ಉಳಿದ ಚೀಲಗಳೇ ಹೊರಬೇಕೇ, ಅಥವಾ ಮೊದಲು ಬಂದು ಹೋದ ಚೀಲಗಳಿಗೂ ಅದರಲ್ಲಿ ಪಾಲಿದೆಯೇ ಎಂಬುದು ಅವರ ಪ್ರಶ್ನೆ. ನನಗೆ ಒಂದು ಅಭಿಪ್ರಾಯವಿದೆ, ವಾಲ್ವ್ ಕಾರ್ಖಾನೆಯ ಗೆಳೆಯರಿಗೆ ಅದಕ್ಕೆ ವಿರುದ್ಧವಾದದ್ದು. ಹಿರಿಯರು ಇಬ್ಬರಿಗೂ ಏನೂ ಹೇಳಿಲ್ಲ. ಹನ್ನೆರಡು ತಿಂಗಳ ಮೀಟರ್ ರೀಡಿಂಗ್ ಮತ್ತು ತಿಂಗಳ ಕೊನೆಯ ಚೀಲಗಳ ಎಣಿಕೆ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ತರಬೇಕೆಂದು ಮಾತ್ರ ಬ್ಯಾಡಗಿಗೆ ಫೋನ್ ಮಾಡಿ ತಿಳಿಸಿದ್ದಾರೆ.