ಪಾರ್ವೊ ಬಂದ ವರ್ಷ, ಆಮೇಲೆ ನಾವು ಬದಲಿಸಿಕೊಂಡದ್ದು

ಪಾರ್ವೊ ನಾಯಿಮರಿಗಳ ಕರುಳಿಗೆ ಬೀಳುವ ವೈರಸ್ ಕಾಯಿಲೆ. ಅದು ಹತ್ತಿದ ಮರಿ ನೀರಿನ ಬಟ್ಟಲಿನ ಮುಂದೆ ತಲೆ ಇಳಿಬಿಟ್ಟು ನಿಂತಿರುತ್ತದೆ. ಮೂತಿ ಇನ್ನೇನು ನೀರಿಗೆ ತಾಗಬೇಕು, ಅಷ್ಟು ಹತ್ತಿರ. ಆದರೆ ಕುಡಿಯುವುದಿಲ್ಲ. ಬಾಯಾರಿಕೆ ಇದೆ, ಹೊಟ್ಟೆ ಒಪ್ಪುತ್ತಿಲ್ಲ. ಇವತ್ತಿಗೂ ಬೆಳಗಿನ ಸುತ್ತಿನಲ್ಲಿ ನನ್ನ ಕಣ್ಣು ಮೊದಲು ಹುಡುಕುವುದು ಹಾಗೆ ನಿಂತ ಮರಿಯನ್ನು. ವಾಂತಿ, ರಕ್ತಭೇದಿ ಕಾಣಿಸುವುದು ಎಷ್ಟೋ ಸಲ ಅದಾದ ಮೇಲೆ.

ತುಮಕೂರಿನ ಹೊರವಲಯದಲ್ಲಿ ಬೀದಿನಾಯಿ, ಬೆಕ್ಕುಗಳ ಒಂದು ಸಣ್ಣ ಶೆಲ್ಟರ್ ನೋಡಿಕೊಳ್ಳುತ್ತಿದ್ದೇನೆ. ನಾನು ಪಶುವೈದ್ಯೆ ಅಲ್ಲ. ವಾರಕ್ಕೆ ಮೂರು ದಿನ ಡಾಕ್ಟರ್ ಬರುತ್ತಾರೆ. ಔಷಧ, ಡೋಸು ಅವರ ಲೆಕ್ಕ. ತೊಳೆಯುವುದು, ಉಣಿಸುವುದು, ಯಾವ ಮರಿ ಎಲ್ಲಿರಬೇಕೆಂದು ನೋಡುವುದು ನನ್ನದು ಮತ್ತು ನನ್ನ ಜೊತೆಗಿರುವ ಇಬ್ಬರು ಅಕ್ಕಂದಿರದು. ಶೆಲ್ಟರಿನಲ್ಲಿ ಸಾಂಕ್ರಾಮಿಕ ರೋಗ ನಿಲ್ಲುವುದೋ ಹರಡುವುದೋ ಹೆಚ್ಚಾಗಿ ತೀರ್ಮಾನವಾಗುವುದು ಈ ಎರಡನೇ ಸಾಲಿನ ಕೆಲಸದಲ್ಲಿ. ಇದು ನಮಗೆ ಅರ್ಥವಾಗುವಷ್ಟರಲ್ಲಿ ಹನ್ನೆರಡು ಮರಿಗಳು ಹೋಗಿದ್ದವು.

ಕಾರ್ತಿಕದಲ್ಲಿ ಬೀದಿಯ ನಾಯಿಗಳು ಜೊತೆಗೂಡುತ್ತವೆ. ಅಲ್ಲಿಂದ ಎರಡು ತಿಂಗಳು ಎಣಿಸಿದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಚರಂಡಿ ಮೋರಿಗಳಲ್ಲೆಲ್ಲ ಮರಿಗಳು. ಶಿವರಾತ್ರಿ ಹೊತ್ತಿಗೆ ಆ ಮರಿಗಳೇ ರಟ್ಟಿನ ಡಬ್ಬದಲ್ಲಿ ನಮ್ಮ ಗೇಟಿಗೆ ಬರುತ್ತವೆ. ಆ ವರ್ಷವೂ ಒಂದು ಸಂಜೆ ನಾಲ್ಕು ಮರಿ ಬಂದವು. ದುಂಡುದುಂಡಗೆ, ಬಾಲ ಆಡಿಸಿಕೊಂಡು ಇದ್ದವು. ಒಂಟಿಯಾಗಿ ಬಿಟ್ಟರೆ ರಾತ್ರಿಯೆಲ್ಲ ಅಳುತ್ತವಲ್ಲ ಅಂತ ಕರುಳು ಚುರುಕ್ ಎಂದು, ಆಗಲೇ ಇದ್ದ ಹದಿನೈದು ಮರಿಗಳ ಜೊತೆ ಮಣ್ಣಿನ ಅಂಗಳಕ್ಕೆ ಬಿಟ್ಟೆ. ಐದನೇ ದಿನ ಅವುಗಳಲ್ಲೊಂದು ಬಟ್ಟಲಿನ ಮುಂದೆ ನಿಂತಿತ್ತು. ಡಾಕ್ಟರ್ ಹತ್ತಿಯ ಕಡ್ಡಿಯಲ್ಲಿ ಮಲ ತೆಗೆದು ಕಿಟ್‌ಗೆ ಹಾಕಿದರು. ಎರಡು ಗೆರೆ ಮೂಡಿತು, ಪಾರ್ವೊ.

ಆಮೇಲಿನ ಹತ್ತು ದಿನ ನಾವು ಮಾಡಿದ್ದೆಲ್ಲ ಶ್ರದ್ಧೆಯಿಂದಲೇ ಮಾಡಿದ್ದು. ಆದರೆ ರೋಗವನ್ನು ಹೊತ್ತು ತಿರುಗಿದವರೂ ನಾವೇ. ಒಂದೇ ಮಾಪಿನಲ್ಲಿ ಇಡೀ ಶೆಲ್ಟರ್ ಒರೆಸುತ್ತಿದ್ದೆವು. ಕಾಯಿಲೆ ಮರಿಗೆ ಡ್ರಿಪ್ ಹಾಕಿ, ಕೈ ತೊಳೆದು, ಅದೇ ಚಪ್ಪಲಿಯಲ್ಲಿ ಉಳಿದವಕ್ಕೆ ಹಾಲು ಕೊಡಲು ಹೋಗುತ್ತಿದ್ದೆವು. ನೀರಿನ ಪೈಪನ್ನು ಒಂದು ಕೆನಲ್‌ನಿಂದ ಇನ್ನೊಂದಕ್ಕೆ ಎಳೆದಾಡುತ್ತಿದ್ದೆವು. ದಿನಕ್ಕೆ ಎರಡು ಸಲ ಘಮ್ಮೆನ್ನುವಂತೆ ಫಿನಾಯಿಲ್. ಪಾರ್ವೊ ವೈರಸ್ಸಿಗೆ ಅದು ಲೆಕ್ಕಕ್ಕೇ ಇಲ್ಲ. ಕೊಬ್ಬಿನ ಹೊದಿಕೆಯಿರುವ ವೈರಸ್ಸುಗಳು ಸೋಪು, ಬಿಸಿಲು, ಸಾಧಾರಣ ಕ್ರಿಮಿನಾಶಕಕ್ಕೆ ಬಗ್ಗುತ್ತವೆ. ನಾಯಿಗಳ ಇನ್ನೊಂದು ಕಾಯಿಲೆ ಡಿಸ್ಟೆಂಪರ್, ಅದರ ವೈರಸ್ ಆ ಜಾತಿಯದು. ಪಾರ್ವೊಗೆ ಆ ಹೊದಿಕೆ ಇಲ್ಲ. ಆದ್ದರಿಂದಲೇ ಅದು ಗಟ್ಟಿ. ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಕಾದು ಕೂರಬಲ್ಲದು. ಬೆಕ್ಕುಗಳನ್ನು ಕೊಲ್ಲುವ ಪ್ಯಾನ್‌ಲ್ಯುಕೊಪೇನಿಯ ಇದರದೇ ಕುಟುಂಬ. ಬೆಕ್ಕಿನ ಕೋಣೆಗಂತೂ ಫಿನಾಯಿಲ್ ತರಲೇಬಾರದು, ಆ ಜಾತಿಯ ರಾಸಾಯನಿಕ ಬೆಕ್ಕಿಗೆ ವಿಷ.

ಈಗ ನಮ್ಮಲ್ಲಿ ಬಳಸುವುದು ಹೈಪೋಕ್ಲೋರೈಟ್ ದ್ರಾವಣ, ಅಂದರೆ ಬ್ಲೀಚ್. 5 ಪರ್ಸೆಂಟ್‌ನದಾದರೆ ಒಂದು ಲೀಟರ್ ನೀರಿಗೆ 30 ಎಂ.ಎಲ್. ಹಾಕಿದ ಮೇಲೆ 10 ನಿಮಿಷ ನೆಲ ಒದ್ದೆಯಾಗಿಯೇ ಇರಬೇಕು, ಆಮೇಲೆ ತೊಳೆದು ಒಣಗಿಸಬೇಕು. ಅದಕ್ಕೂ ಮೊದಲು ಮಲ, ಕೂದಲು, ಅನ್ನದ ಅಗುಳು ಎಲ್ಲ ತೆಗೆದು ಸೋಪುನೀರಿನಲ್ಲಿ ಉಜ್ಜಬೇಕು. ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಯ ಜೊತೆಗೇ ಸತ್ತುಹೋಗುತ್ತದೆ. ಕಲಸಿದ ನೀರನ್ನು ಮಾರನೇ ದಿನಕ್ಕೆ ಇಡುವುದಿಲ್ಲ, ಕ್ಯಾನನ್ನು ಬಿಸಿಲಿಗೆ ಬಿಡುವುದಿಲ್ಲ. ಆಸಿಡ್ ಆಗಲಿ ಬೇರೆ ಕ್ಲೀನರ್ ಆಗಲಿ ಅದರ ಜೊತೆ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಇದನ್ನು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಹೇಳಿ, ಅವರ ಬಾಯಲ್ಲಿ ತಿರುಗಿ ಹೇಳಿಸುತ್ತೇನೆ.

ಮಣ್ಣಿನ ಅಂಗಳಕ್ಕೆ ಮಾತ್ರ ಯಾವ ಬ್ಲೀಚೂ ಸಾಲದು. ಮೇಲಿನ ಮಣ್ಣು ಕೆತ್ತಿಸಿ, ಒಂದು ವರ್ಷ ಪೂರ್ತಿ ಅಲ್ಲಿಗೆ ಮರಿಗಳನ್ನು ಬಿಡಲಿಲ್ಲ. ಲಸಿಕೆಯಾದ ದೊಡ್ಡ ನಾಯಿಗಳಿಗೆ ಮಾತ್ರ ಪ್ರವೇಶ. ಮರಿಗಳಿಗೆ ಅಂಚಿನಲ್ಲಿ ಕಾಲುವೆಯಿರುವ ಸಿಮೆಂಟ್ ನೆಲ ಮಾಡಿಸಿದೆವು. ದಾನಿಗಳು ಕೊಟ್ಟ ದುಡ್ಡನ್ನು ಹೊಸ ಆಂಬ್ಯುಲೆನ್ಸ್ ಬಿಟ್ಟು ನೆಲಕ್ಕೆ ಹಾಕಿದ್ದಕ್ಕೆ ಕೆಲವರಿಗೆ ಬೇಸರವಾಯಿತು. ನನಗೆ ಇವತ್ತಿಗೂ ಅದು ಸರಿಯೆಂದೇ ಅನಿಸುತ್ತದೆ.

ಕೆಲಸಕ್ಕೊಂದು ಕ್ರಮ ಬಂತು. ಬೆಳಿಗ್ಗೆ ಮೊದಲು ಆರೋಗ್ಯವಾಗಿರುವ ಮರಿಗಳು, ಆಮೇಲೆ ದೊಡ್ಡವು, ನಂತರ ಹೊಸದಾಗಿ ಬಂದವು, ಕೊನೆಗೆ ಐಸೊಲೇಷನ್. ಐಸೊಲೇಷನ್‌ಗೆ ಹೋದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಹಿಂದಕ್ಕೆ ಬರುವ ಹಾಗಿಲ್ಲ. ಕೆಂಪು ಬಕೆಟ್, ಕೆಂಪು ಮಾಪು, ಕೆಂಪು ಪಟ್ಟಿಯ ಚಪ್ಪಲಿ ಆ ಬಾಗಿಲು ದಾಟುವುದಿಲ್ಲ. ಬಾಗಿಲಲ್ಲಿ ಕಾಲದ್ದುವ ತೊಟ್ಟಿಯನ್ನೂ ಇಟ್ಟು ನೋಡಿದೆವು. ಅರ್ಧ ದಿನದಲ್ಲಿ ಕೆಸರುನೀರಾಗುತ್ತಿತ್ತು, ತೆಗೆದುಹಾಕಿದೆವು. ಬೇರೆ ಚಪ್ಪಲಿಯೇ ವಾಸಿ.

ಲಸಿಕೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಎಲ್ಲರೂ ತಪ್ಪುವುದು ಇಲ್ಲೇ. ಮರಿಗೆ ತಾಯಿಯ ಗಿಣ್ಣುಹಾಲಿನಿಂದ ಒಂದಿಷ್ಟು ರಕ್ಷಣೆ ಬಂದಿರುತ್ತದೆ. ಆ ರಕ್ಷಣೆ ಇರುವವರೆಗೆ ನಾವು ಕೊಟ್ಟ ಲಸಿಕೆಯನ್ನೂ ಅದು ತಡೆದುಬಿಡುತ್ತದೆ. ಅದು ಕರಗುವ ದಿನ ಒಂದೊಂದು ಮರಿಗೆ ಒಂದೊಂದು. ಹಾಗಾಗಿ ಮನೆಯ ನಾಯಿಗೆ ಹೇಳುವ ಮೂರು ನಾಲ್ಕು ವಾರದ ಅಂತರ ಶೆಲ್ಟರಿಗೆ ಸಾಲದು. ನಮ್ಮಲ್ಲಿ ನಾಲ್ಕರಿಂದ ಆರು ವಾರದ ಮರಿಗೆ ಶುರು ಮಾಡಿ, ಎರಡು ವಾರಕ್ಕೊಮ್ಮೆ, ಇಪ್ಪತ್ತು ವಾರ ತುಂಬುವವರೆಗೆ ಕೊಡುತ್ತೇವೆ. ಮೊದಲನೆಯದು ಗೇಟಿನ ಪಕ್ಕದ ಮೇಜಿನ ಮೇಲೆ, ಒಳಗೆ ಕಾಲಿಡುವ ಮೊದಲೇ. ದೊಡ್ಡ ನಾಯಿಗೂ ಹಾಗೆಯೇ. ನಾಳೆ ಡಾಕ್ಟರ್ ಬಂದಾಗ ನೋಡೋಣ ಅನ್ನುವ ಆ ಒಂದು ರಾತ್ರಿ ನಮಗೆ ಬಹಳ ದುಬಾರಿ ಬಿದ್ದಿದೆ. ಅದಕ್ಕೇ ಡಾಕ್ಟರ್ ನಮ್ಮ ಮೂವರಿಗೂ ಚುಚ್ಚುವುದನ್ನು ಕಲಿಸಿ, ಯಾರಿಗೆ ಕೊಡಬೇಕು ಯಾರಿಗೆ ಬೇಡ ಎಂದು ಬರೆದುಕೊಟ್ಟಿದ್ದಾರೆ.

ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಒಂದು ಬೇಸಿಗೆಯಲ್ಲಿ ರಾತ್ರಿಯಿಡೀ ಕರೆಂಟ್ ಹೋಗಿ, ಬೆಳಿಗ್ಗೆ ಫ್ರಿಜ್ ಬಾಗಿಲು ತೆಗೆದಾಗ ಬಾಟಲಿಗಳು ಬೆಚ್ಚಗಿದ್ದವು. ಅಷ್ಟನ್ನೂ ಎಸೆದೆವು. ಎಸೆಯುವಾಗ ಅಕ್ಕ ಅತ್ತಳು, ಅದು ಎರಡು ತಿಂಗಳ ಚಂದಾ ಹಣ. ಈಗ ಫ್ರಿಜ್‌ನೊಳಗೆ ಥರ್ಮಾಮೀಟರ್ ಇದೆ. ಬೆಳಿಗ್ಗೆ ಸಂಜೆ ಅಂಕಿ ಬರೆದಿಡುತ್ತೇವೆ, ಐಸ್ ಪ್ಯಾಕ್ ಯಾವಾಗಲೂ ಸಿದ್ಧ. ಫ್ರಿಜ್ ಬಾಗಿಲಿನ ಗೂಡಿನಲ್ಲಿ ಲಸಿಕೆ ಇಡುವುದಿಲ್ಲ.

ಕಾಯಿಲೆ ಬಂದ ಮೇಲೂ ಕೈಚೆಲ್ಲಬೇಕಿಲ್ಲ. ಚಿಕಿತ್ಸೆ ಇಲ್ಲದ ಪಾರ್ವೊ ಮರಿ ಬದುಕುವುದು ತೀರಾ ಅಪರೂಪ. ಬೇಗ ಡ್ರಿಪ್ ಹತ್ತಿದರೆ ಹೆಚ್ಚಿನವು ಉಳಿಯುತ್ತವೆ. ಎರಡು ಕೆ.ಜಿ. ಮರಿಯ ಮುಂಗಾಲಿನಲ್ಲಿ ನರ ಸಿಗುವುದೇ ಕಷ್ಟ. ರೋಮ ಬೋಳಿಸಿ, ಬೆಚ್ಚನೆಯ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟರೆ ನರ ಉಬ್ಬುತ್ತದೆ. ಡ್ರಿಪ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳುತ್ತೇವೆ, ತಣ್ಣನೆಯದು ಹೋದರೆ ಮರಿ ಇನ್ನೂ ಕುಸಿಯುತ್ತದೆ. ವಾಂತಿ ನಿಲ್ಲಿಸುವ ಇಂಜೆಕ್ಷನ್, ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯದಂತೆ ಆಂಟಿಬಯೋಟಿಕ್. ಮೊದಲೆಲ್ಲ ಮೂರು ದಿನ ಉಪವಾಸ ಕೆಡವುತ್ತಿದ್ದೆವು. ಈಗ ವಾಂತಿ ಹತೋಟಿಗೆ ಬಂದ ಕೂಡಲೇ ಬೇಯಿಸಿದ ಕೋಳಿಯ ಜೊತೆ ನುಣ್ಣಗೆ ಅರೆದ ಗಂಜಿ, ಒಂದೊಂದು ಚಮಚ. ಬೇಗ ಉಂಡ ಮರಿ ಬೇಗ ಏಳುವುದನ್ನು ಕಣ್ಣಾರೆ ನೋಡಿದ್ದೇನೆ. ಬೆಲ್ಲ ಅನ್ನುವ ಹೆಣ್ಣುಮರಿ ನಾಲ್ಕನೇ ರಾತ್ರಿ ನನ್ನ ಬೆರಳಿನಿಂದ ಗಂಜಿ ನೆಕ್ಕಿತು. ಆ ಒರಟು ನಾಲಿಗೆ ಬೆರಳಿಗೆ ತಾಗಿದ್ದು ಇನ್ನೂ ನೆನಪಿದೆ.

ಡಿಸ್ಟೆಂಪರ್ ಬೇರೆ ತರಹದ ನೋವು. ರಾಗಿ ಅನ್ನುವ ನಾಯಿಗೆ ಕಣ್ಣು ಮೂಗಿನಲ್ಲಿ ಕೀವು, ಕೆಮ್ಮು ಬಂದು ವಾಸಿಯಾಯಿತು. ದತ್ತು ತೆಗೆದುಕೊಳ್ಳುವ ಮನೆಯೂ ಗೊತ್ತಾಗಿತ್ತು. ತಿಂಗಳು ಕಳೆದು ಒಂದು ಕಾಲು ಗಡಿಯಾರದ ಹಾಗೆ ತಾಳ ಹಾಕುತ್ತಾ ಅದುರತೊಡಗಿತು, ನಿದ್ದೆಯಲ್ಲೂ. ಆಮೇಲೆ ಬಾಯಿ ಚ್ಯೂಯಿಂಗ್ ಗಮ್ ಜಗಿದಂತೆ ಆಡುವ ಫಿಟ್ಸ್. ದಯಾಮರಣದ ಕಾಗದಕ್ಕೆ ಸಹಿ ಹಾಕಿದವಳು ನಾನು, ತಲೆ ನನ್ನ ತೊಡೆಯ ಮೇಲಿತ್ತು. ಇದು ಗಾಳಿಯ ತುಂತುರಿನಲ್ಲಿ ಹರಡುತ್ತದೆ, ಗುಣವಾದಂತೆ ಕಂಡ ನಾಯಿಯೂ ವಾರಗಟ್ಟಲೆ ವೈರಸ್ ಚೆಲ್ಲುತ್ತಿರುತ್ತದೆ. ಹಾಗಾಗಿ ಕೆಮ್ಮುವ ನಾಯಿಯನ್ನು ಸಾದಾ ಕೆನಲ್ ಕಾಫ್ ಅಂತ ಬಿಟ್ಟುಬಿಡದೆ ಮೊದಲು ಬೇರೆ ಕಟ್ಟಡಕ್ಕೆ ಸಾಗಿಸುತ್ತೇವೆ.

ನಮ್ಮ ಜನರ ಆರೋಗ್ಯವೂ ಇದರಲ್ಲೇ ಸೇರಿದೆ. ಮೂವರಿಗೂ ಮುಂಚಿತವಾಗಿಯೇ ರೇಬಿಸ್ ಲಸಿಕೆ ಹಾಕಿಸಿದ್ದೇವೆ. ಹಾಗಿದ್ದರೂ ಕಚ್ಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ಗಾಯ ತೊಳೆದು ನೇರ ಆಸ್ಪತ್ರೆಗೆ. ಮಳೆಗಾಲದಲ್ಲಿ ಇಲಿ ಜ್ವರದ ಭಯ. ರಾತ್ರಿ ಅನ್ನದ ಪಾತ್ರೆ ಹೊರಗೆ ಬಿಡುವುದಿಲ್ಲ, ನಿಂತ ನೀರಿನಲ್ಲಿ ಬರಿಗಾಲಿಡುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಸಂಖ್ಯೆ. ನಮ್ಮ ಮೂವರ ಕೈಗೆ ಅರವತ್ತು ಪ್ರಾಣಿ. ಅರವತ್ತೊಂದನೆಯದು ಬಂದರೆ ತೊಳೆಯುವ 10 ನಿಮಿಷ ಐದಾಗುತ್ತದೆ, ಬೆಳಗಿನ ಸುತ್ತು ಓಟವಾಗುತ್ತದೆ, ಬಟ್ಟಲಿನ ಮುಂದೆ ನಿಂತ ಮರಿ ಕಣ್ಣು ತಪ್ಪುತ್ತದೆ. ಗೇಟಿನಲ್ಲಿ ಇಲ್ಲ ಅಂದಾಗ ಬೈದವರಿದ್ದಾರೆ, ಡಬ್ಬ ಅಲ್ಲೇ ಇಟ್ಟು ಹೋದವರೂ ಇದ್ದಾರೆ.

ಹೋದ ತಿಂಗಳು ಒಬ್ಬ ಆಟೋ ಚಾಲಕ ಐದು ಮರಿ ತಂದ. ಕ್ವಾರಂಟೈನ್ ಕೋಣೆ ತುಂಬಿತ್ತು. ಅಲ್ಲೇ ಮೇಜಿನ ಮೇಲೆ ಐದಕ್ಕೂ ಲಸಿಕೆ, ಜಂತುಹುಳದ ಔಷಧ ಕೊಟ್ಟು, ಹದಿನಾಲ್ಕು ದಿನ ನಿಮ್ಮ ಶೆಡ್‌ನಲ್ಲಿ ಇಟ್ಟುಕೊಳ್ಳುತ್ತೀರಾ, ಆಹಾರ, ಬ್ಲೀಚ್ ನಾವು ಕೊಡುತ್ತೇವೆ ಅಂತ ಕೇಳಿದೆ. ಅವನು ತುಂಬಾ ಹೊತ್ತು ಡಬ್ಬದೊಳಗೆ ನೋಡಿ, ಮನೆಯಲ್ಲಿ ಕೇಳಬೇಕು ಅಂದ. ಅಲ್ಲೇ ನಿಂತು ಫೋನ್ ಮಾಡಿದ. ದಿನವೂ ಬೆಳಿಗ್ಗೆ ಐದು ಬಟ್ಟಲು, ಐದು ಮೂತಿಗಳ ವಿಡಿಯೋ ಕಳಿಸುತ್ತಿದ್ದ. ನಾನು ನೀರು ಕುಡಿಯುವುದನ್ನು ಎಣಿಸುತ್ತಿದ್ದೆ. ಹದಿನೈದನೇ ದಿನ ಎರಡನೇ ಲಸಿಕೆಗೆ ಬಂದಾಗ ಡಬ್ಬದಲ್ಲಿ ನಾಲ್ಕಿದ್ದವು. ನನ್ನ ಎದೆ ಧಸಕ್ಕೆಂದಿತು. ಐದನೆಯದು ಅವನ ಮಗಳ ಮಡಿಲಲ್ಲಿ, ಆಟೋದ ಹಿಂದಿನ ಸೀಟಿನಲ್ಲಿತ್ತು. ಅದನ್ನು ಅವಳು ಕೊಡುವುದಿಲ್ಲವಂತೆ.