ದಮ್ಮು ಎಷ್ಟಿದೆ? ತೋಟದ ಕೆಲಸದವರಿಗೆ ಮೂರು ನಿಮಿಷದ ಮೆಟ್ಟಿಲು ಪರೀಕ್ಷೆ

ಕಾಫಿ ಕೊಯ್ಲಿನ ಟೈಮಲ್ಲಿ ಏರಿನ ಮೇಲೆ ಮೂಟೆ ಹೊರುವವರು ಯಾರು, ಕಣದಲ್ಲಿ ನಿಲ್ಲುವವರು ಯಾರು ಅಂತ ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗಳು ಮೈಕಟ್ಟು ನೋಡಿಯೇ ಹಂಚುತ್ತಾರೆ. ತೋಳು ದಪ್ಪ ಇದ್ದ ಮಾತ್ರಕ್ಕೆ ದಮ್ಮು ಇರುತ್ತದಾ? ಮೂಡಿಗೆರೆ ಕಡೆಯ ಇಳಿಜಾರಿನಲ್ಲಿ ಲೆಕ್ಕಕ್ಕೆ ಬರುವುದು ಮೈ ಒಂದು ನಿಮಿಷಕ್ಕೆ ಎಷ್ಟು ಆಕ್ಸಿಜನ್ ಬಳಸಬಲ್ಲದು ಅನ್ನೋದು. ಲ್ಯಾಬ್‌ನಲ್ಲಿ ಇದನ್ನು ಮುಖಕ್ಕೆ ಮಾಸ್ಕ್ ಹಾಕಿ ಓಡಿಸಿ ಅಳೆಯುತ್ತಾರೆ. ನಮಗೆ ಅಂದಾಜು ಸಾಕು. ಅದಕ್ಕೆ ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟ್ ಅಂತ ಒಂದಿದೆ.

ಮೊದಲು ಕೇಳಿ: ಎದೆನೋವು, ತಲೆಸುತ್ತು, ಮಂಡಿನೋವು ಇದೆಯಾ, ಬಸುರಿಯಾ, ಬಿಪಿ ಮಾತ್ರೆ ತಗೋತಾರಾ. ಇದ್ದರೆ ಹತ್ತಿಸಬೇಡಿ, ಡಾಕ್ಟರ್ ಹತ್ತಿರ ಕಳಿಸಿ. ಕೆಲವು ಬಿಪಿ ಮಾತ್ರೆ ನಾಡಿಯನ್ನೇ ನಿಧಾನ ಮಾಡುತ್ತವೆ, ಆಗ ಲೆಕ್ಕವೂ ಸುಳ್ಳಾಗುತ್ತದೆ. ಬೆಳಿಗ್ಗೆ ತಂಪಲ್ಲಿ, ಕೆಲಸಕ್ಕೆ ಇಳಿಯುವ ಮುಂಚೆಯೇ ಮಾಡಿ. ಅದಕ್ಕೂ ಮೊದಲು ಬೀಡಿ, ತಂಬಾಕು, ಕಾಫಿ ಬೇಡ. ಕಾಫಿ ತೋಟದಲ್ಲಿ ಇದನ್ನ ಹೇಳೋದು ಕಷ್ಟ, ಆದ್ರೂ.

ಮೆಟ್ಟಿಲು 41.3 ಸೆಂಟಿಮೀಟರ್ ಎತ್ತರ ಇರಬೇಕು. ಕೆಲಸದವರ ಲೈನ್ ಮನೆ ಜಗಲಿಯನ್ನು ಟೇಪ್ ಹಿಡಿದು ನೋಡಿ, ಹೊಂದದಿದ್ದರೆ ಅಲುಗಾಡದ ಮರದ ಪೆಟ್ಟಿಗೆ ಮಾಡಿಸಿ. ಮೊಬೈಲ್‌ನಲ್ಲಿ ಟಕ್ ಟಕ್ ಅಂತ ತಾಳ ಹಾಕುವ ಮೆಟ್ರೋನೋಮ್ ಆ್ಯಪ್ ಹಾಕಿ ನಿಮಿಷಕ್ಕೆ ಗಂಡಸರಿಗೆ 96, ಹೆಂಗಸರಿಗೆ 88 ಟಕ್ಕು ಇಡಿ. ಒಂದೊಂದು ಟಕ್ಕಿಗೆ ಒಂದೊಂದು ಕಾಲು: ಹತ್ತು, ಹತ್ತು, ಇಳಿ, ಇಳಿ. ಹೀಗೆ ಮೂರು ನಿಮಿಷ.

ಎಡವಟ್ಟಾಗೋದು ನಾಡಿ ಎಣಿಸುವಾಗ. ನಿಲ್ಲಿಸಿದ ಕೂಡಲೇ ನಿಂತಲ್ಲೇ ಮಣಿಕಟ್ಟು ಹಿಡಿದು, 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ ಎಣಿಸಿ, ನಾಲ್ಕರಿಂದ ಗುಣಿಸಬೇಕು. ಹೆಬ್ಬೆರಳು ಬೇಡ, ಅದರದ್ದೇ ಮಿಡಿತ ಅದರಲ್ಲಿದೆ. ಒಂದೇ ಒಂದು ಮಿಡಿತ ತಪ್ಪಿದರೂ ನಿಮಿಷಕ್ಕೆ ನಾಲ್ಕರ ವ್ಯತ್ಯಾಸ, ಅದಕ್ಕೇ ಮೊದಲೇ ಒಬ್ಬರ ಕೈ ಒಬ್ಬರು ಹಿಡಿದು ಅಭ್ಯಾಸ ಮಾಡಿಕೊಳ್ಳಿ.

ಗಂಡಸರಿಗೆ ನಾಡಿಯನ್ನು 0.42ರಿಂದ ಗುಣಿಸಿ 111.33ರಲ್ಲಿ ಕಳೆಯಿರಿ. ಹೆಂಗಸರಿಗೆ 0.1847ರಿಂದ ಗುಣಿಸಿ 65.81ರಲ್ಲಿ ಕಳೆಯಿರಿ. ನಾಡಿ 140 ಬಂದ ಹೆಂಗಸಿಗೆ ಸುಮಾರು 40, ಅಂದರೆ ಮೈತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 40 ಮಿಲಿಲೀಟರ್ ಆಕ್ಸಿಜನ್.

ಆದರೆ ಈ ಸೂತ್ರ ಕಟ್ಟಿದ್ದು ಕಾಲೇಜು ವಯಸ್ಸಿನವರ ಮೇಲೆ. ಐವತ್ತು ದಾಟಿದವರಿಗೆ ಚೆಸ್ಟರ್ ಸ್ಟೆಪ್ ಟೆಸ್ಟ್ ವಾಸಿ ಅಂತ ನನ್ನ ಅಭಿಪ್ರಾಯ. ಅದರಲ್ಲಿ ಮೆಟ್ಟಿಲು ತಗ್ಗು, ನಿಮಿಷಕ್ಕೆ 15 ಸಲ ಹತ್ತುವುದರಿಂದ ಶುರು, ಎರಡೆರಡು ನಿಮಿಷಕ್ಕೆ 5 ಸಲ ಜಾಸ್ತಿ. 220ರಲ್ಲಿ ವಯಸ್ಸು ಕಳೆದು ಬಂದದ್ದರ ಶೇ. 80ನ್ನು ನಾಡಿ ಮುಟ್ಟಿದ ತಕ್ಷಣ ನಿಲ್ಲಿಸಬೇಕು. ಐವತ್ತು ವರ್ಷದವರಿಗೆ ಅದು 136.

ಎಂಟು ಗಂಟೆ ಪೂರ್ತಿ ದುಡಿಯುವಾಗ ಲೆಕ್ಕದಲ್ಲಿ ಬಂದ ಆಕ್ಸಿಜನ್ ಅಂಕಿಯ ಸುಮಾರು ಮೂರನೇ ಒಂದು ಭಾಗದಷ್ಟು ಮಾತ್ರ ಸುಸ್ತಿಲ್ಲದೆ ಎಳೆಯಬಹುದು. ಕಡಿಮೆ ಬಂದವರಿಗೆ ನಡುನಡುವೆ ಬಿಡುವು ಕೊಡಿ, ಇಲ್ಲಾ ಕಣದ ಕೆಲಸ ಕೊಡಿ. ಸುಮ್ನೆ ಕೂಲಿ ಮುರಿಯೋಕೆ ಬಳಸಿದರೆ ಮುಂದಿನ ಸಲ ಯಾರೂ ಮೆಟ್ಟಿಲು ಹತ್ತಲ್ಲ.